ಹುಳುವಿನ ದಾರಿಯಲ್ಲಿ ಮನುಷ್ಯನ ದೇಹ

ಬದನೆಕಾಯಿ ಹೆಚ್ಚಲು ಕುಳಿತ ಗೃಹಿಣಿಗೆ ಈ ನೋಟ ಹೊಸದಲ್ಲ. ಹೊರಗೆ ನುಣುಪಾಗಿ ಹೊಳೆಯುವ ಕಾಯಿ; ಒಂದು ಬದಿಯಲ್ಲಿ ಸಾಸಿವೆಯಷ್ಟು ಚಿಕ್ಕ ತೂತು. ಹೋಳು ಮಾಡಿದಾಗ ತಿರುಳಿನ ನಡುವೆ ಹುಳು ಕೊರೆದ ದಾರಿ ಇನ್ನೊಂದು ಬದಿಯವರೆಗೂ ಹೋಗಿರುವುದು ಕಾಣುತ್ತದೆ. ಸಿಪ್ಪೆಯ ಮೇಲೆ ಹರಿಯುವ ಇರುವೆ ಅರ್ಧ ಸುತ್ತು ಬಳಸಿ ಸೇರಬೇಕಾದ ಜಾಗವನ್ನು ಹುಳು ಒಳಗಿನಿಂದಲೇ ಸೇರಿಬಿಡುತ್ತದೆ. ಇರುವೆಗೆ ಆ ಒಳದಾರಿಯ ಸುಳಿವೂ ಇರುವುದಿಲ್ಲ. ಅದರ ಪಾಲಿಗೆ ಸಿಪ್ಪೆಯೇ ಲೋಕ.

ನಕ್ಷತ್ರಗಳ ನಡುವೆ ಮಾನವನ ಸ್ಥಿತಿ ಈ ಇರುವೆಗಿಂತ ಬೇರೆಯಲ್ಲ. ಸೂರ್ಯನನ್ನು ಬಿಟ್ಟರೆ ಭೂಮಿಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ೪.೨೪ ಜ್ಯೋತಿರ್ವರ್ಷಗಳ ದೂರದಲ್ಲಿದೆ. ೧೯೭೭ರಲ್ಲಿ ಹೊರಟ ವಾಯೇಜರ್-೧ ನೌಕೆ ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರ್ ವೇಗದಲ್ಲಿ ಸೌರಮಂಡಲದಿಂದ ದೂರ ಸರಿಯುತ್ತಿದೆ. ಅದೇ ವೇಗದಲ್ಲಿ ಅಷ್ಟು ದೂರವನ್ನು ಕ್ರಮಿಸಲು ಸುಮಾರು ೭೫,೦೦೦ ವರ್ಷಗಳು ಬೇಕಾಗುತ್ತವೆ. ಎರಡೂವರೆ ಸಾವಿರ ತಲೆಮಾರುಗಳು ಹುಟ್ಟಿ ಅಳಿಯುವಷ್ಟು ಕಾಲ! ಹೀಗಿರುವಲ್ಲಿ, ಆಕಾಶದ ತಿರುಳಿನೊಳಗೂ ಹುಳುವಿನ ದಾರಿಯಂತಹುದೊಂದು ಇರಬಾರದೇಕೆ ಎಂಬ ಯೋಚನೆ ವಿಜ್ಞಾನಿಗಳಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಇದ್ದುದೇ ಆದರೆ ಅದರೊಳಗೆ ನುಗ್ಗಿದ ಮನುಷ್ಯನ ರಕ್ತಮಾಂಸಗಳ ಗತಿ ಏನು ಎಂಬುದು ಅದರ ಬೆನ್ನಿಗೇ ಏಳುವ ಪ್ರಶ್ನೆ.

ಮುಚ್ಚಿಕೊಳ್ಳುವ ಬಾಗಿಲು

೧೯೩೫ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಅವರ ಸಹೋದ್ಯೋಗಿ ನೇಥನ್ ರೋಸೆನ್ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಬಿಡಿಸುತ್ತಿದ್ದಾಗ ವಿಚಿತ್ರವಾದ ಆಕೃತಿಯೊಂದು ಕಂಡುಬಂದಿತು: ಎರಡು ಆಕಾಶಗಳನ್ನು ಒಂದು ಕಿರಿದಾದ ಕಂಠ ಜೋಡಿಸಿತ್ತು. ಅವರು ಅದನ್ನು ಸೇತುವೆ ಎಂದು ಕರೆದರು. ಅವರ ಉದ್ದೇಶ ಪ್ರಯಾಣವಲ್ಲ; ವಸ್ತುವಿನ ಸೂಕ್ಷ್ಮಕಣಗಳ ಸ್ವರೂಪವನ್ನು ವಿವರಿಸುವುದಾಗಿತ್ತು. ೧೯೫೭ರಲ್ಲಿ ಅಮೆರಿಕದ ಜಾನ್ ವೀಲರ್ ಮತ್ತು ಅವರ ಶಿಷ್ಯ ಚಾರ್ಲ್ಸ್ ಮಿಸ್ನರ್ ಇಂತಹ ದಾರಿಗೆ ವರ್ಮ್‌ಹೋಲ್, ಎಂದರೆ ಹುಳುರಂಧ್ರ, ಎಂಬ ಹೆಸರನ್ನು ಬಳಕೆಗೆ ತಂದರು. ಹೆಸರು ನಿಂತಿತು.

ಆದರೆ ಹೆಸರಿಟ್ಟ ವೀಲರರೇ ೧೯೬೨ರಲ್ಲಿ ರಾಬರ್ಟ್ ಫುಲ್ಲರ್ ಅವರೊಡನೆ ಲೆಕ್ಕಹಾಕಿ ನಿರಾಶೆಯ ಸುದ್ದಿಯನ್ನು ಕೊಟ್ಟರು. ಐನ್‌ಸ್ಟೈನ್–ರೋಸೆನ್ ಸೇತುವೆ ಸ್ಥಿರವಾಗಿ ನಿಲ್ಲುವ ವಸ್ತುವಲ್ಲ. ಅದು ತೆರೆಯುತ್ತದೆ, ಹಿಗ್ಗುತ್ತದೆ, ಮರುಕ್ಷಣವೇ ಕುಗ್ಗಿ ಕತ್ತರಿಸಿಹೋಗುತ್ತದೆ. ಈ ಬದಿಯಿಂದ ಹೊರಟ ಬೆಳಕಿನ ಕಿರಣಕ್ಕೂ ಆ ಬದಿಯನ್ನು ಮುಟ್ಟುವಷ್ಟು ವ್ಯವಧಾನ ಸಿಗುವುದಿಲ್ಲ. ಬೆಳಕಿಗೇ ಅಸಾಧ್ಯವಾದುದು ಮಾನವನಿಗೆ ಸಾಧ್ಯವಾಗುವುದೆಲ್ಲಿ? ನಡುದಾರಿಯಲ್ಲಿ ಸಿಕ್ಕಿಕೊಂಡ ದೇಹ ಮುಚ್ಚಿಕೊಳ್ಳುವ ಕಂಠದಲ್ಲಿ ನುಚ್ಚುನೂರಾಗುವುದು ನಿಶ್ಚಯ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ವಿಷಯ ಅಲ್ಲಿಗೇ ನಿಂತಿತು.

ಅದಕ್ಕೆ ಮರುಜೀವ ಬಂದುದು ಒಂದು ಕಾದಂಬರಿಯಿಂದ. ಖಗೋಳವಿಜ್ಞಾನಿ ಕಾರ್ಲ್ ಸಾಗನ್ ೧೯೮೫ರಲ್ಲಿ ತಮ್ಮ 'ಕಾಂಟ್ಯಾಕ್ಟ್' ಕಾದಂಬರಿಯ ಹಸ್ತಪ್ರತಿಯನ್ನು ಗೆಳೆಯ ಕಿಪ್ ಥಾರ್ನ್ ಅವರಿಗೆ ಕಳುಹಿಸಿದರು. ಕಥಾನಾಯಕಿ ಭೂಮಿಯಿಂದ ಅಭಿಜಿತ್ ನಕ್ಷತ್ರದ ಬಳಿಗೆ ಹೋಗಬೇಕಾಗಿತ್ತು. ಸಾಗನ್ ಅವಳನ್ನು ಕಪ್ಪುರಂಧ್ರದ ಮೂಲಕ ಕಳುಹಿಸಿದ್ದರು. ಆ ದಾರಿಯಲ್ಲಿ ಹೋದವಳು ಬದುಕುಳಿಯಲಾರಳೆಂದು ಥಾರ್ನ್ ಅವರಿಗೆ ಗೊತ್ತಿತ್ತು. ಅವರು ಪ್ರಶ್ನೆಯನ್ನೇ ತಿರುಗಿಸಿದರು. ದಾರಿ ದೇಹಕ್ಕೆ ಏನು ಮಾಡುತ್ತದೆ ಎಂದು ಕೇಳುವ ಬದಲು, ದೇಹಕ್ಕೆ ಏನೂ ಆಗದಿರಬೇಕಾದರೆ ದಾರಿ ಹೇಗಿರಬೇಕು ಎಂದು ಕೇಳಿದರು. ಅವರೂ ಅವರ ವಿದ್ಯಾರ್ಥಿ ಮೈಕೆಲ್ ಮಾರಿಸ್ ಅವರೂ ೧೯೮೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಷರತ್ತುಗಳು ಸ್ಪಷ್ಟವಾಗಿವೆ. ಪ್ರಯಾಣಿಕನ ಮೈಯ ಒಂದು ತುದಿಗೂ ಇನ್ನೊಂದು ತುದಿಗೂ ನಡುವಣ ಸೆಳೆತದ ವ್ಯತ್ಯಾಸ ಭೂಮಿಯ ಗುರುತ್ವವನ್ನು ಮೀರಬಾರದು. ಪ್ರಯಾಣ ಒಂದು ವರ್ಷದೊಳಗೆ ಮುಗಿಯಬೇಕು; ಅದೂ ಪ್ರಯಾಣಿಕನ ಗಡಿಯಾರದಲ್ಲಿ ಮಾತ್ರವಲ್ಲ, ಅವನ ದಾರಿ ಕಾಯುವವರ ಗಡಿಯಾರದಲ್ಲಿಯೂ. ಗಣಿತದ ಪ್ರಬಂಧದಲ್ಲಿ ಮನೆಯವರ ನೆನಪೂ ಸೇರಿಕೊಂಡಿರುವುದು ಗಮನಿಸಬೇಕಾದ ಸಂಗತಿ.

ನೋವು ಸೆಳೆತದಿಂದಲ್ಲ, ವ್ಯತ್ಯಾಸದಿಂದ

ಸೆಳೆತ ಎಂದಾಕ್ಷಣ ದೇಹ ಜಜ್ಜಿಹೋಗುವ ಚಿತ್ರ ಕಣ್ಮುಂದೆ ಬರುವುದು ಸಹಜ. ವಾಸ್ತವದಲ್ಲಿ ಶುದ್ಧವಾದ ಸೆಳೆತ ದೇಹಕ್ಕೆ ಗೊತ್ತೇ ಆಗುವುದಿಲ್ಲ. ೧೯೦೭ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕುಳಿತಿದ್ದ ಐನ್‌ಸ್ಟೈನರಿಗೆ ಹೊಳೆದುದು ಇದೇ: ಮೇಲಿನಿಂದ ಬೀಳುತ್ತಿರುವ ಮನುಷ್ಯನಿಗೆ ತನ್ನ ಭಾರದ ಅನುಭವವಿರುವುದಿಲ್ಲ. ತಲೆ, ಕರುಳು, ಕಾಲು ಎಲ್ಲವೂ ಒಂದೇ ವೇಗದಲ್ಲಿ ಬೀಳುತ್ತಿರುವಾಗ ಒಂದು ಇನ್ನೊಂದನ್ನು ತಳ್ಳುವುದೂ ಇಲ್ಲ, ಎಳೆಯುವುದೂ ಇಲ್ಲ. ನೆಲ ತಡೆದಾಗ ಮಾತ್ರ ಅಪಾಯ.

ತೊಂದರೆ ಹುಟ್ಟುವುದು ದೇಹದ ಒಂದು ಭಾಗದ ಮೇಲಿನ ಸೆಳೆತ ಇನ್ನೊಂದು ಭಾಗದ ಮೇಲಿನ ಸೆಳೆತಕ್ಕೆ ಸಮನಾಗಿಲ್ಲದಾಗ. ಚಂದ್ರನು ತನಗೆ ಹತ್ತಿರದ ಕಡಲನ್ನು ಹೆಚ್ಚಾಗಿಯೂ ದೂರದ ಕಡಲನ್ನು ಕಡಿಮೆಯಾಗಿಯೂ ಸೆಳೆಯುವುದರಿಂದಲೇ ಉಬ್ಬರವಿಳಿತಗಳಾಗುತ್ತವೆ. ಆದ ಕಾರಣ ಈ ವ್ಯತ್ಯಾಸಕ್ಕೂ ಉಬ್ಬರವಿಳಿತದ ಬಲವೆಂದೇ ಹೆಸರು. ನೆಲದ ಮೇಲೆ ನಿಂತವನ ಪಾದದ ಮೇಲೆ ಭೂಮಿಯ ಸೆಳೆತ ತಲೆಯ ಮೇಲಿನದಕ್ಕಿಂತ ಕೊಂಚ ಹೆಚ್ಚು. ಆದರೆ ಆ ಹೆಚ್ಚಳ ಸುಮಾರು ೨೦ ಲಕ್ಷದಲ್ಲಿ ಒಂದು ಪಾಲು ಮಾತ್ರ. ಯಾರಿಗೂ ಅದು ಅರಿವಾಗದಿರುವುದು ಸಹಜವೇ.

ಥಾರ್ನ್ ಅವರು ಒಪ್ಪಿದ ಮಿತಿಯನ್ನು ದೇಹದ ಭಾಷೆಯಲ್ಲಿ ಹೀಗೆ ಹೇಳಬಹುದು. ೬೦ ಕಿಲೋ ತೂಕದ ಮನುಷ್ಯನ ಎರಡು ತುದಿಗಳ ನಡುವೆ ಭೂಮಿಯ ಗುರುತ್ವದಷ್ಟು ವ್ಯತ್ಯಾಸವಿದ್ದರೆ ಅವನ ನಡುವನ್ನು ಎರಡೂ ಕಡೆಯಿಂದ ಏಳೂವರೆ ಕಿಲೋ ಭಾರ ಎಳೆದಂತಾಗುತ್ತದೆ. ಸಂತೆಯಿಂದ ತುಂಬಿ ತಂದ ತರಕಾರಿ ಚೀಲದ ಭಾರ. ಅಹಿತವೆನಿಸಬಹುದು, ಅಪಾಯವಿಲ್ಲ.

ಇದರೊಡನೆ ಕಪ್ಪುರಂಧ್ರವನ್ನು ಹೋಲಿಸಬೇಕು. ಸೂರ್ಯನ ಹತ್ತರಷ್ಟು ರಾಶಿಯುಳ್ಳ ಕಪ್ಪುರಂಧ್ರದ ಗಡಿ ಅದರ ಕೇಂದ್ರದಿಂದ ೩೦ ಕಿಲೋಮೀಟರ್ ದೂರದಲ್ಲಿರುತ್ತದೆ. ಆ ಗಡಿಯಲ್ಲಿ ಎರಡು ಮೀಟರ್ ಅಂತರದ ಸೆಳೆತದ ವ್ಯತ್ಯಾಸ ಭೂಮಿಯ ಗುರುತ್ವದ ಸುಮಾರು ಎರಡು ಕೋಟಿ ಪಟ್ಟು. ತರಕಾರಿ ಚೀಲದ ಜಾಗದಲ್ಲಿ ಒಂದೂವರೆ ಲಕ್ಷ ಟನ್! ಕಾಲು ಮುಂದಾಗಿ ಬಿದ್ದವನನ್ನು ಅದು ಉದ್ದಕ್ಕೆ ಎಳೆಯುತ್ತದೆ, ಅಗಲಕ್ಕೆ ಹಿಂಡುತ್ತದೆ. ಒರಳಿನಲ್ಲಿ ಒತ್ತಿದ ಶಾವಿಗೆಯ ಎಳೆಯಂತೆ ದೇಹ ನೀಳವಾಗುತ್ತ ಹೋಗುತ್ತದೆ. ಗಡಿಯನ್ನು ಮುಟ್ಟುವುದಕ್ಕೆ ಬಹಳ ಮೊದಲೇ ಜೀವ ಹೋಗಿರುತ್ತದೆ.

ಕಪ್ಪುರಂಧ್ರ ದೊಡ್ಡದಾದಷ್ಟೂ ಅದರ ಗಡಿ ಸೌಮ್ಯವಾಗುವುದು ಇನ್ನೊಂದು ವೈಚಿತ್ರ್ಯ. ಆಕಾಶಗಂಗೆಯ ಕೇಂದ್ರದಲ್ಲಿರುವ ಕಪ್ಪುರಂಧ್ರದ ರಾಶಿ ಸೂರ್ಯನ ೪೦ ಲಕ್ಷ ಪಟ್ಟಿಗಿಂತ ಹೆಚ್ಚು. ಅದರ ಗಡಿಯಲ್ಲಿ ತಲೆಗೂ ಕಾಲಿಗೂ ನಡುವಣ ವ್ಯತ್ಯಾಸ ಭೂಮಿಯ ಗುರುತ್ವದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೇ. ದಾಟಿದವನಿಗೆ ದಾಟಿದ್ದೇ ತಿಳಿಯದು. ಆದರೆ ಹಿಂದಿರುಗುವ ದಾರಿಯೂ ಇರದು. ಒಳಗೆ ಇಳಿದಂತೆ ವ್ಯತ್ಯಾಸ ಮಿತಿಯಿಲ್ಲದೆ ಏರಿ ಕೊನೆಗೆ ಅದೇ ಶಾವಿಗೆಯ ಗತಿ.

ನಿಧಾನವೇ ಪ್ರಧಾನ

ಹುಳುರಂಧ್ರದ ರೀತಿ ಬೇರೆ. ಥಾರ್ನ್ ಮತ್ತು ಮಾರಿಸ್ ಪರಿಶೀಲಿಸಿದ ಅತ್ಯಂತ ಸರಳವಾದ ಮಾದರಿಯಲ್ಲಿ ಉದ್ದಕ್ಕೆ ಎಳೆಯುವ ಬಲವೇ ಇಲ್ಲ. ಪ್ರಯಾಣಿಕ ಭಾರವಿಲ್ಲದೆ ತೇಲಿಕೊಂಡು ಹೋಗುತ್ತಾನೆ. ಆದರೆ ಆ ದಾರಿಯ ಆಕಾರ ಎರಡು ಆಲಿಕೆಗಳನ್ನು ಮೂತಿಗೆ ಮೂತಿ ಜೋಡಿಸಿದಂತಿದೆ. ಕಂಠದವರೆಗೆ ಕಿರಿದಾಗುತ್ತ ಬಂದ ಆಕಾಶ ಕಂಠದಾಚೆ ಅಗಲವಾಗುತ್ತ ಹೋಗುತ್ತದೆ. ಅದರ ಮೂಲಕ ಚಲಿಸುವ ದೇಹದ ಎಡಬಲ ಭಾಗಗಳು ಒಂದರಿಂದೊಂದು ದೂರ ಸರಿಯಲು ಹವಣಿಸುತ್ತವೆ. ಕಪ್ಪುರಂಧ್ರ ಅಗಲಕ್ಕೆ ಹಿಂಡಿದರೆ ಹುಳುರಂಧ್ರ ಅಗಲಕ್ಕೆ ಎಳೆಯುತ್ತದೆ.

ಈ ಎಳೆತ ಪ್ರಯಾಣದ ವೇಗವನ್ನು ಅವಲಂಬಿಸಿರುವುದೇ ವಿಶೇಷ. ಕಂಠದ ನಡುವೆ ಸ್ಥಿರವಾಗಿ ನಿಂತವನಿಗೆ ಏನೂ ಆಗುವುದಿಲ್ಲ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ವೇಗ ಹತ್ತರಷ್ಟಾದರೆ ಎಳೆತ ನೂರರಷ್ಟು. ಕಂಠದ ತ್ರಿಜ್ಯ ೧೦ ಮೀಟರ್ ಎಂದಿಟ್ಟುಕೊಂಡರೆ, ಅದರೊಳಗೆ ಅಡ್ಡಲಾಗಿ ಮಲಗಿ ಹೋಗುವವನು ಸೆಕೆಂಡಿಗೆ ಸುಮಾರು ೨೨ ಮೀಟರ್ ವೇಗವನ್ನು ಮೀರಬಾರದು. ಅದು ಗಂಟೆಗೆ ೮೦ ಕಿಲೋಮೀಟರ್. ಒಂದು ರೈಲಿನ ವೇಗ. ಆಗ ಅವನ ನಡುವಿಗೆ ಏಳೂವರೆ ಕಿಲೋ ಎಳೆತ. ಗಂಟೆಗೆ ೧೬೦ ಕಿಲೋಮೀಟರ್ ಆದರೆ ೩೦ ಕಿಲೋ. ವಿಮಾನದಂತೆ ೮೦೦ ಕಿಲೋಮೀಟರ್ ವೇಗದಲ್ಲಿ ನುಗ್ಗಿದರೆ ಮುಕ್ಕಾಲು ಟನ್! ಕೀಲುಗಳೂ ರಕ್ತನಾಳಗಳೂ ಅದನ್ನು ತಾಳುವ ಮಾತೇ ಇಲ್ಲ.

ದೇಹದ ಭಂಗಿಯೂ ಇಲ್ಲಿ ಮುಖ್ಯ. ಎಳೆತ ಅಗಲಕ್ಕೆ ಇರುವುದರಿಂದ, ದೇಹವನ್ನು ನೇರವಾಗಿ ಚಾಚಿ ಈಜುಗಾರನಂತೆ ತಲೆ ಮುಂದಾಗಿ ಹೋಗುವವನಿಗೆ ಭುಜದಿಂದ ಭುಜದವರೆಗಿನ ಅರ್ಧ ಮೀಟರಿಗಷ್ಟೇ ಅದು ತಗಲುತ್ತದೆ. ಅಡ್ಡಲಾಗಿ ಹೋದವನಿಗಿಂತ ಅವನ ಕಷ್ಟ ಬಹಳ ಕಡಿಮೆ. ಕಪ್ಪುರಂಧ್ರದ ಬಳಿ ಇದಕ್ಕೆ ವಿರುದ್ಧ. ಅಲ್ಲಿ ಉದ್ದಕ್ಕೆ ಚಾಚಿಕೊಂಡಷ್ಟೂ ಕೇಡು.

ವೇಗವಾಗಿ ಹೋಗಲೇಬೇಕೆಂಬ ಹಟವಿದ್ದರೆ ಕಂಠ ಹಿರಿದಾಗಬೇಕು. ಬೆಳಕಿನ ಹತ್ತರಲ್ಲೊಂದು ಪಾಲು ವೇಗದಲ್ಲಿ ಅದೇ ಎಳೆತದ ಮಿತಿಯೊಳಗೆ ದಾಟಬೇಕಾದರೆ ಕಂಠದ ತ್ರಿಜ್ಯ ಸುಮಾರು ೧೩,೬೦೦ ಕಿಲೋಮೀಟರ್ ಇರಬೇಕಾಗುತ್ತದೆ. ಭೂಮಿಯ ತ್ರಿಜ್ಯದ ಎರಡು ಪಟ್ಟಿಗಿಂತಲೂ ಹೆಚ್ಚು! ಚಿಕ್ಕ ಬಾಗಿಲಿಗೆ ನಿಧಾನದ ನಡೆ, ದೊಡ್ಡ ಬಾಗಿಲಿಗೆ ಮಾತ್ರ ಓಟ.

ದಾರಿಯನ್ನು ಎತ್ತಿಹಿಡಿಯುವ ಕಂಬ

ದೇಹಕ್ಕೆ ಹಿತವಾದ ಈ ದಾರಿ ಮುಚ್ಚಿಕೊಳ್ಳದಂತೆ ತಡೆಯುವವರು ಯಾರು? ಲೋಕದ ಸಾಮಾನ್ಯ ವಸ್ತುಗಳೆಲ್ಲ ತಮ್ಮ ಸೆಳೆತದಿಂದ ಬೆಳಕಿನ ಕಿರಣಗಳನ್ನು ಒಂದೆಡೆಗೆ ಬಾಗಿಸುತ್ತವೆ. ಹುಳುರಂಧ್ರದ ಕಂಠವಾದರೋ ಒಟ್ಟುಗೂಡಿ ಬಂದ ಕಿರಣಗಳನ್ನು ಮತ್ತೆ ಚದುರಿಸಬೇಕು. ಅದಕ್ಕೆ ಸೆಳೆಯುವ ವಸ್ತು ಸಲ್ಲದು, ತಳ್ಳುವ ವಸ್ತು ಬೇಕು; ಎಂದರೆ ಶೂನ್ಯಕ್ಕಿಂತಲೂ ಕಡಿಮೆ ಶಕ್ತಿಯುಳ್ಳ ವಸ್ತು. ಇದನ್ನು ಋಣಶಕ್ತಿ ಎನ್ನಬಹುದು.

ಇದು ಕೇವಲ ಕಲ್ಪನೆಯಲ್ಲ. ಅತಿ ಸಮೀಪದಲ್ಲಿ ಎದುರುಬದುರಾಗಿಟ್ಟ ಎರಡು ಲೋಹದ ಫಲಕಗಳ ನಡುವಣ ಶೂನ್ಯದಲ್ಲಿ ಇಂತಹ ಋಣಶಕ್ತಿ ಉಂಟಾಗಿ ಫಲಕಗಳು ಒಂದನ್ನೊಂದು ಸೆಳೆಯುತ್ತವೆಂದು ೧೯೪೮ರಲ್ಲಿ ಡಚ್ ವಿಜ್ಞಾನಿ ಹೆಂಡ್ರಿಕ್ ಕ್ಯಾಸಿಮಿರ್ ತೋರಿಸಿಕೊಟ್ಟರು. ೧೯೯೭ರಲ್ಲಿ ಆ ಸೆಳೆತವನ್ನು ಪ್ರಯೋಗಶಾಲೆಯಲ್ಲಿ ನಿಖರವಾಗಿ ಅಳೆದದ್ದೂ ಆಯಿತು. ಆದರೆ ಅದು ಅತ್ಯಲ್ಪ. ಒಂದು ಮೀಟರ್ ತ್ರಿಜ್ಯದ ಕಂಠವನ್ನು ತೆರೆದಿಡಲು ಸುಮಾರು ಗುರುಗ್ರಹದ ರಾಶಿಗೆ ಸಮನಾದ ಋಣಶಕ್ತಿ ಬೇಕೆಂದು ಲೆಕ್ಕ ಹೇಳುತ್ತದೆ. ಹನಿಯನ್ನು ಕಂಡು ಕಡಲನ್ನು ಬಯಸಿದಂತೆ!

ಅಷ್ಟನ್ನು ಕೂಡಿಹಾಕಿದರೂ ಪ್ರಯಾಣಿಕ ಅದರ ನಡುವೆಯೇ ಹಾಯ್ದುಹೋಗಬೇಕಲ್ಲವೆ? ದೇಹದ ಅಣುಗಳ ಮೇಲೆ ಅದು ಏನು ಮಾಡುವುದೆಂದು ಥಾರ್ನ್ ಅವರಿಗೂ ಚಿಂತೆಯಿತ್ತು. ದಾರಿಯ ನಡುವೆ ಬರಿದಾದ ಕೊಳವೆಯೊಂದನ್ನು ಬಿಟ್ಟುಕೊಂಡು ಅದರೊಳಗೆ ಸಾಗುವ ಉಪಾಯವನ್ನು ಅವರು ಸೂಚಿಸಿದರು. ೧೯೮೯ರಲ್ಲಿ ಮ್ಯಾಟ್ ವಿಸ್ಸರ್ ಇನ್ನೂ ಜಾಣತನದ ಮಾದರಿಯೊಂದನ್ನು ಮುಂದಿಟ್ಟರು. ಮನೆಯ ಭಾರವನ್ನು ಗೋಡೆ ಹೊರದೆ ಮೂಲೆಗಂಬಗಳೇ ಹೊತ್ತಂತೆ, ಅವರ ಹುಳುರಂಧ್ರದಲ್ಲಿ ಋಣಶಕ್ತಿಯೆಲ್ಲ ಅಂಚುಗಳಲ್ಲಿ ಮಾತ್ರ ಇರುತ್ತದೆ. ನಡುವಣ ಬಾಗಿಲಿನಲ್ಲಿ ದಾಟುವವನಿಗೆ ಅದು ಸೋಂಕುವುದೂ ಇಲ್ಲ, ಎಳೆತದ ಬಾಧೆಯೂ ಇಲ್ಲ.

ಮೂಳೆಗೂ ಕಾಲಕ್ಕೂ ಬೀಳುವ ಪೆಟ್ಟು

ಇಷ್ಟೆಲ್ಲ ಅನುಕೂಲವಾದರೂ ದೇಹ ಪೂರ್ತಿ ಪಾರಾಗುವುದಿಲ್ಲ. ಷರತ್ತಿನಂತೆ ಪ್ರಯಾಣ ಒಂದು ವರ್ಷದವರೆಗೆ ನಡೆಯಬಹುದು. ಅದರ ಬಹುಭಾಗ ಭಾರವಿಲ್ಲದ ಸ್ಥಿತಿಯಲ್ಲಿ. ಈ ಸ್ಥಿತಿಯ ಪರಿಣಾಮ ಊಹೆಯ ವಿಷಯವಲ್ಲ, ಅನುಭವಕ್ಕೆ ಬಂದಿರುವ ವಿಷಯ. ೧೯೮೪ರಲ್ಲಿ ಸಲ್ಯೂಟ್-೭ ನಿಲ್ದಾಣದಲ್ಲಿ ಸುಮಾರು ಒಂದು ವಾರವಿದ್ದ ರಾಕೇಶ್ ಶರ್ಮ, ಯೋಗಾಸನಗಳಿಂದ ಅದನ್ನು ಎದುರಿಸಬಹುದೇ ಎಂದು ಸ್ವತಃ ಪರೀಕ್ಷಿಸಿದರು. ಭಾರ ಹೊರುವ ಕೆಲಸ ತಪ್ಪಿದ ಮೂಳೆ ಸವೆಯತೊಡಗುತ್ತದೆ. ಸೊಂಟದ ಮೂಳೆಯಲ್ಲಿ ತಿಂಗಳಿಗೆ ಶೇಕಡ ೧ರಿಂದ ೧.೫ರಷ್ಟು ನಷ್ಟವಾಗಬಹುದು. ಕಾಲಿನ ರಕ್ತ ಮೇಲೇರಿ ಮುಖ ಊದಿಕೊಳ್ಳುತ್ತದೆ, ದೃಷ್ಟಿ ಮಂಜಾಗಬಹುದು, ಬೆನ್ನು ಕೆಲವು ಸೆಂಟಿಮೀಟರ್ ಉದ್ದವಾಗುತ್ತದೆ.

೨೦೧೫–೧೬ರಲ್ಲಿ ಅಮೆರಿಕದ ಸ್ಕಾಟ್ ಕೆಲ್ಲಿ ೩೪೦ ದಿನಗಳ ಕಾಲ ಅಂತರಿಕ್ಷದಲ್ಲಿದ್ದರು. ಅವರ ಅವಳಿ ಸೋದರ ಮಾರ್ಕ್ ಭೂಮಿಯಲ್ಲಿದ್ದರು. ಇಬ್ಬರ ದೇಹಗಳನ್ನೂ ಹೋಲಿಸಿ ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಂತೆ, ಸ್ಕಾಟ್ ಅವರ ಕೊರಳಿನ ರಕ್ತನಾಳದ ಗೋಡೆ ದಪ್ಪವಾಗಿತ್ತು, ಅನೇಕ ಜೀನುಗಳ ವರ್ತನೆ ಬದಲಾಗಿತ್ತು. ಹಿಂದಿರುಗಿದ ಆರು ತಿಂಗಳಲ್ಲಿ ಬಹುಪಾಲು ಬದಲಾವಣೆಗಳು ಮೊದಲಿನ ಸ್ಥಿತಿಗೆ ಬಂದವು, ಕೆಲವು ಬರಲಿಲ್ಲ.

ದೇಹಕ್ಕೆ ಗಾಯವಾಗದೆ ಬದುಕಿಗೆ ಪೆಟ್ಟು ಬೀಳುವ ದಾರಿಯೂ ಉಂಟು. ೨೦೨೧ರಲ್ಲಿ ಹ್ವಾನ್ ಮಾಲ್ದಸೇನ ಮತ್ತು ಅಲೆಕ್ಸೇ ಮಿಲೆಖಿನ್ ಪ್ರಕಟಿಸಿದ ಪ್ರಬಂಧ, ಮನುಷ್ಯ ಬದುಕಿ ದಾಟಬಲ್ಲ ಹುಳುರಂಧ್ರವನ್ನು ವಿವರಿಸುತ್ತದೆ. ಅದಕ್ಕೆ ಲೋಕದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಆಯಾಮವಿರಬೇಕೆಂಬುದು ಅದರ ಆಧಾರ. ಆಕಾಶಗಂಗೆಯ ದೂರದೂರದ ಎರಡು ತಾಣಗಳ ನಡುವಣ ಪ್ರಯಾಣ ಅದರಲ್ಲಿ ಪ್ರಯಾಣಿಕನ ಗಡಿಯಾರದಂತೆ ಒಂದು ಸೆಕೆಂಡಿಗಿಂತ ಕಡಿಮೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದೇಹೋಯಿತು. ಆದರೆ ಹೊರಗೆ ಕಾದವರ ಗಡಿಯಾರದಲ್ಲಿ ಹತ್ತಾರು ಸಾವಿರ ವರ್ಷಗಳು ಕಳೆದಿರುತ್ತವೆ!

ವಾಚಕರಿಗೆ ಇಲ್ಲಿ ರೈವತ ಕಕುದ್ಮಿಯ ಕಥೆ ನೆನಪಾಗದಿರದು. ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮನ ಸಭೆಗೆ ಹೋದ ಆ ರಾಜ, ಅಲ್ಲಿ ನಡೆಯುತ್ತಿದ್ದ ಗಾನ ಮುಗಿಯುವವರೆಗೆ ಕಾದನಷ್ಟೆ. ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿಹೋಗಿದ್ದವು. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೆಲ್ಲ ಅಳಿದಿದ್ದರು. ಅವರ ಮಕ್ಕಳ, ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ತಂದೆ ಮಗಳ ಮೈಯಲ್ಲಿ ಒಂದು ಸುಕ್ಕೂ ಮೂಡಿರಲಿಲ್ಲ. ಪುರಾಣವನ್ನು ವಿಜ್ಞಾನವೆನ್ನುವುದು ತಪ್ಪು. ಆದರೆ ಇಂತಹ ಪ್ರಯಾಣದಲ್ಲಿ ಕಳೆದುಹೋಗುವುದು ಏನೆಂಬುದನ್ನು ಆ ಕಥೆ ಸರಿಯಾಗಿ ಗುರುತಿಸಿದೆ. ಮನೆಯವರ ಗಡಿಯಾರವನ್ನೂ ಥಾರ್ನ್ ಷರತ್ತಿನೊಳಗೆ ಸೇರಿಸಿದುದರ ಬೆಲೆ ಈಗ ಅರ್ಥವಾಗುತ್ತದೆ.

ತಟ್ಟಿ ನೋಡುವ ವಿದ್ಯೆ

ಇಷ್ಟು ಹೊತ್ತು ವಿಚಾರಿಸಿದುದು ದಾರಿ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು. ದೇಹ ದಾರಿಗೆ ಏನು ಮಾಡುತ್ತದೆ? ಈ ಪ್ರಶ್ನೆಯ ಸ್ವರೂಪ ತಿಳಿಯಲು ಒಬ್ಬ ಬೆಂಗಳೂರಿಗರನ್ನು ನೆನೆಯಬೇಕು.

ಹುಳುರಂಧ್ರಕ್ಕೆ ಹೆಸರಿಟ್ಟವರಲ್ಲಿ ಒಬ್ಬರಾದ ಚಾರ್ಲ್ಸ್ ಮಿಸ್ನರ್ ಅವರ ಬಳಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದವರು ಸಿ. ವಿ. ವಿಶ್ವೇಶ್ವರ. ೧೯೩೮ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ, ೨೦೧೭ರಲ್ಲಿ ನಿಧನರಾದರು. ಕಪ್ಪುರಂಧ್ರವನ್ನು ತುಸು ಅಲುಗಿಸಿದರೆ ಅದು ಚೂರಾಗುವುದೇ, ಉಳಿಯುವುದೇ ಎಂಬುದು ಅವರು ಎತ್ತಿಕೊಂಡ ಪ್ರಶ್ನೆ. ೧೯೭೦ರಲ್ಲಿ ಅವರು ಪ್ರಕಟಿಸಿದ ಉತ್ತರ: ಅದು ಉಳಿಯುತ್ತದೆ. ತಟ್ಟಿದ ಗಂಟೆಯಂತೆ ಕ್ಷಣಕಾಲ ಮಿಡಿದು ಮತ್ತೆ ಶಾಂತವಾಗುತ್ತದೆ. ಎರಡು ಕಪ್ಪುರಂಧ್ರಗಳು ಡಿಕ್ಕಿ ಹೊಡೆದು ಒಂದಾದಾಗ ಎದ್ದ ಅಲೆಗಳನ್ನು ೨೦೧೫ರ ಸೆಪ್ಟೆಂಬರಿನಲ್ಲಿ ಲೈಗೋ ಉಪಕರಣಗಳು ಮೊದಲ ಬಾರಿಗೆ ಹಿಡಿದಾಗ, ಕೊನೆಯಲ್ಲಿ ಅಡಗಿಹೋಗುವ ಆ ಮಿಡಿತದ ಗುರುತೂ ಅವುಗಳಲ್ಲಿತ್ತು. ಆ ಶೋಧಕ್ಕಾಗಿ ೨೦೧೭ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಕಿಪ್ ಥಾರ್ನ್ ಒಬ್ಬರು.

ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದ ಕೇಳುವುದುಂಟಷ್ಟೆ. ಹುಳುರಂಧ್ರವನ್ನೂ ಹಾಗೆಯೇ ತಟ್ಟಿ ನೋಡಿದವರು ಹಿಸಾಕಿ ಶಿಂಕಾಯ್ ಮತ್ತು ಶಾನ್ ಹೇವರ್ಡ್. ಹೋಮರ್ ಎಲ್ಲಿಸ್ ೧೯೭೩ರಲ್ಲಿ ಕಂಡುಹಿಡಿದಿದ್ದ, ಥಾರ್ನ್ ಮತ್ತು ಮಾರಿಸ್ ಮತ್ತೆ ಬೆಳಕಿಗೆ ತಂದ ಸರಳ ಹುಳುರಂಧ್ರವನ್ನೇ ಅವರು ಆರಿಸಿಕೊಂಡರು. ಅದರೊಳಗೆ ಸ್ವಲ್ಪ ಸಾಮಾನ್ಯ ಶಕ್ತಿಯನ್ನು ಕಳುಹಿಸಿದರೆ ಏನಾಗುವುದೆಂದು ಗಣಕಯಂತ್ರದಲ್ಲಿ ಲೆಕ್ಕಹಾಕಿ ೨೦೦೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಋಣಶಕ್ತಿಯ ಕಡೆಗೆ ತಕ್ಕಡಿ ತುಸು ವಾಲಿದರೆ ಕಂಠ ತಡೆಯಿಲ್ಲದೆ ಹಿಗ್ಗುತ್ತ ಹೋಗುತ್ತದೆ. ಸಾಮಾನ್ಯ ವಸ್ತುವಿನ ಕಡೆಗೆ ವಾಲಿದರೆ ಕಂಠ ಕುಸಿದು ಕಪ್ಪುರಂಧ್ರವಾಗುತ್ತದೆ. ಸೇರಿಸಿದ ಶಕ್ತಿ ಕಡಿಮೆಯಾದಷ್ಟೂ ಕುಸಿತ ತಡವಾಗುತ್ತದೆ, ತಪ್ಪುವುದಿಲ್ಲ.

ಸಾಮಾನ್ಯ ವಸ್ತು ಎಂದರೆ ಬೇರೇನಲ್ಲ. ರಕ್ತ, ಮೂಳೆ, ಉಸಿರು, ಮೈಮೇಲಿನ ಬಟ್ಟೆ. ಒಬ್ಬ ಪ್ರಯಾಣಿಕ ಒಳಗೆ ಕಾಲಿಟ್ಟನೆಂದರೆ ತಕ್ಕಡಿ ವಾಲಿತೆಂದೇ ಅರ್ಥ. ದಾರಿ ಮನುಷ್ಯನನ್ನು ಸೀಳುವುದಕ್ಕಿಂತ ಮೊದಲು ಮನುಷ್ಯನ ಇರುವಿಕೆಯೇ ದಾರಿಯನ್ನು ಮುರಿಯುತ್ತದೆ. ಅವನ ದೇಹಕ್ಕೆ ಸರಿಸಮನಾದ ಋಣಶಕ್ತಿಯನ್ನು ಹದವರಿತು ಸೇರಿಸುತ್ತ ಹೋದರೆ ಸ್ವಲ್ಪ ಕಾಲ ಕಂಠವನ್ನು ತೆರೆದಿಡಬಹುದೆಂದೂ ಅದೇ ಲೆಕ್ಕ ಹೇಳುತ್ತದೆ. ಸ್ವಲ್ಪ ಕಾಲ ಮಾತ್ರ. ಮಾಲ್ದಸೇನ ಮತ್ತು ಮಿಲೆಖಿನ್ ಅವರ ದಾರಿಗೂ ಇದೇ ಬಗೆಯ ನಿಯಮವಿದೆ: ಒಳಗೆ ಬಿದ್ದ ಕಣಗಳು ಅಲ್ಲಿಯೇ ಉಳಿದು ಶೇಖರವಾದರೆ ಅದೂ ಕಪ್ಪುರಂಧ್ರವಾಗಿ ಕುಸಿಯುತ್ತದೆ. ಆದ ಕಾರಣ ಅದನ್ನು ಧೂಳಿನ ಕಣವೂ ಸೇರದಂತೆ ಶುದ್ಧವಾಗಿಡಬೇಕು. ದೇವರ ಗುಡಿಗಿಂತ ಹೆಚ್ಚಿನ ಮಡಿ!

ಹುಳುರಂಧ್ರವನ್ನು ಈವರೆಗೆ ಯಾರೂ ಕಂಡಿಲ್ಲ. ೨೦೧೪ರ 'ಇಂಟರ್‌ಸ್ಟೆಲ್ಲರ್' ಚಲನಚಿತ್ರದಲ್ಲಿ ಶನಿಗ್ರಹದ ಬಳಿ ಅದು ಗಾಜಿನ ಗೋಳದಂತೆ ಹೊಳೆದುದನ್ನು ಪ್ರೇಕ್ಷಕರು ನೋಡಿದ್ದಾರೆ. ಅದಕ್ಕೆ ಬೇಕಾದ ಸಮೀಕರಣಗಳನ್ನು ಒದಗಿಸಿದವರೂ ಥಾರ್ನ್ ಅವರೇ. ಆದರೆ ಅದು ಬೆಳ್ಳಿತೆರೆಯ ಮೇಲಿನ ಹುಳುರಂಧ್ರ. ಅದರ ವಿಚಾರ ವ್ಯರ್ಥವೇ ಎಂದರೆ ಹಾಗೂ ಅಲ್ಲ. ದೇಹಕ್ಕೆ ಬೇಕಾದುದು ಏನೆಂಬ ಪಟ್ಟಿ ಆ ವಿಚಾರದಿಂದ ದೊರೆತಿದೆ. ತಲೆಗೂ ಕಾಲಿಗೂ ಒಂದೇ ಸಮನಾದ ಸೆಳೆತ. ಮೂಳೆಗೆ ಹೊರಲು ಒಂದಿಷ್ಟು ಭಾರ. ಮನೆಯವರ ಗಡಿಯಾರದೊಡನೆ ಹೊಂದಿ ನಡೆಯುವ ಕಾಲ. ಕಾಲಿಟ್ಟರೆ ಕುಸಿಯದ ನೆಲ. ನಕ್ಷತ್ರದ ದಾರಿಯಲ್ಲಿ ಗುರುಗ್ರಹದಷ್ಟು ಋಣಶಕ್ತಿಯನ್ನು ತೆತ್ತರೂ ಇವೆಲ್ಲ ಒಟ್ಟಿಗೆ ಸಿಗುವ ಭರವಸೆಯಿಲ್ಲ.

ಹುಳು ಕೊರೆದ ದಾರಿ ಹುಳುವಿನ ಮೈಗೆ ತಕ್ಕಂತಿರುತ್ತದೆ, ಕೊರೆದದ್ದೇ ಅದು. ಮನುಷ್ಯನ ಮೈಗೆ ತಕ್ಕ ದಾರಿ ಆಕಾಶದಲ್ಲಿ ಇನ್ನೂ ಸಿಕ್ಕಿಲ್ಲ. ತಕ್ಕ ನೆಲ ಮಾತ್ರ ಸಿಕ್ಕಿದೆ. ಈ ಪಟ್ಟಿಯಲ್ಲಿರುವುದೆಲ್ಲವೂ ಅಲ್ಲಿ ದಿನನಿತ್ಯ, ಬೆಲೆಯಿಲ್ಲದೆ, ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತ ಕುಳಿತವರಿಗೂ ದೊರೆಯುತ್ತಿದೆ.